25ರ ಮೇಲೆ ನಿಂತ ಮುಳ್ಳು

ಹುಮನಾಬಾದಿನ ನಮ್ಮ ಶಾಲೆಯ ಪ್ರಯೋಗಾಲಯದ ಕಪಾಟಿನಲ್ಲಿ, ಮೂಲೆ ಮುಕ್ಕಾದ ಪ್ರಿಸಂ ಮತ್ತು ಯಾರೂ ಮುಟ್ಟದ ಬಾರೋಮೀಟರಿನ ನಡುವೆ ಒಂದು ಹಿತ್ತಾಳೆಯ ರೆಗ್ಯುಲೇಟರ್ ಇದೆ. ಆಕ್ಸಿಜನ್ ಸಿಲಿಂಡರಿನ ತಲೆಗೆ ತಿರುವಿ ಕೂರಿಸುವಂಥದ್ದು. ಅದಕ್ಕೊಂದು ದುಂಡನೆಯ ಗೇಜ್. ಈಗ ಅದು ಯಾವ ಸಿಲಿಂಡರಿಗೂ ಸೇರಿಲ್ಲ, ಬಾಯಿ ತೆರೆದುಕೊಂಡೇ ಬಿದ್ದಿದೆ. ಆದರೂ ಮುಳ್ಳು ಸೊನ್ನೆಯಲ್ಲಿಲ್ಲ, 25ರ ಮೇಲಿದೆ. ಒಂಬತ್ತನೆಯ ತರಗತಿಯ ಹುಡುಗರು ಪ್ರತಿವರ್ಷ ಅದನ್ನು ಕೈಗೆತ್ತಿಕೊಂಡು, ‘ಸರ್, ಇದು ಕೆಟ್ಟದರಿ’ ಎನ್ನುತ್ತಾರೆ. ನೋಡಿದ ಅರ್ಧ ನಿಮಿಷದಲ್ಲಿ ಅವರಿಗದು ಗೊತ್ತಾಗುತ್ತದೆ. ಇಪ್ಪತ್ತೆರಡು ವರ್ಷ ವಿಜ್ಞಾನ ಕಲಿಸಿದ ನನಗೆ ಗೊತ್ತಾಗಲು ಎರಡು ದಿನ ಹಿಡಿಯಿತು. ಅಷ್ಟರಲ್ಲಿ ನಮ್ಮ ಮಾಮಾ ಸಾಯುವ ಹಂತಕ್ಕೆ ಹೋಗಿ ಬಂದಿದ್ದರು.

2021ರ ಬೇಸಿಗೆ. ಏಪ್ರಿಲ್ 17ಕ್ಕೆ ಬಸವಕಲ್ಯಾಣದಲ್ಲಿ ವಿಧಾನಸಭೆಯ ಉಪಚುನಾವಣೆ ಇತ್ತು. ಮತಗಟ್ಟೆಯ ಕೆಲಸ ಮುಗಿಸಿ ನಾನು ನೇರ ಮಾಮಾನ ಮನೆಗೆ ಹೋಗಿ ಉಂಡು ಮಲಗಿದ್ದೆ. ವಾರದೊಳಗೆ ಮನೆಯಲ್ಲಿ ಇಬ್ಬರಿಗೆ ಜ್ವರ. ಸೋಂಕು ಯಾರಿಂದ ಬಂತು ಎಂದು ಯಾರೂ ಕೇಳಲಿಲ್ಲ, ನಾನೂ ಆ ಮಾತು ತೆಗೆಯಲಿಲ್ಲ. ಮಾಮಿಗೆ ಬೇಗ ಬಿಟ್ಟಿತು. ಮಾಮಾನ ಎದೆಗೆ ಇಳಿಯಿತು. ಹದಿನಾಲ್ಕು ದಿನ ಆಸ್ಪತ್ರೆಯಲ್ಲಿದ್ದು ಹೊರಬಂದಾಗ ಡಾಕ್ಟರ್ ಹೇಳಿದ್ದು: ಮನೆಯಲ್ಲಿ ಇನ್ನೂ ಕೆಲವು ವಾರ ನಿಮಿಷಕ್ಕೆ 3 ಲೀಟರಿನಂತೆ ಆಕ್ಸಿಜನ್ ಕೊಡಬೇಕು, ಬಿಡಬಾರದು.

ಆ ದಿನಗಳು ಹೇಗಿದ್ದವೆಂದು ಓದುವವರಿಗೆ ನೆನಪಿದ್ದೇ ಇರುತ್ತದೆ. ಏಪ್ರಿಲ್ 22ರಿಂದ ಕೆಲವೇ ಉದ್ದಿಮೆಗಳನ್ನು ಬಿಟ್ಟು ಕಾರ್ಖಾನೆಗಳಿಗೆ ಆಕ್ಸಿಜನ್ ಕೊಡುವುದನ್ನು ಕೇಂದ್ರ ಸರ್ಕಾರ ನಿಲ್ಲಿಸಿತ್ತು. ಮೇ 2ರಂದು ನಮ್ಮಲ್ಲಿ ಮತ ಎಣಿಕೆ ನಡೆಯಿತು. ಅದೇ ರಾತ್ರಿ, ರಾಜ್ಯದ ಇನ್ನೊಂದು ತುದಿಯ ಚಾಮರಾಜನಗರದ ಜಿಲ್ಲಾ ಆಸ್ಪತ್ರೆಯಲ್ಲಿ ಆಕ್ಸಿಜನ್ ಮುಗಿಯಿತು. ಮರುದಿನ ಟಿವಿಯಲ್ಲಿ 24 ಸಾವು ಎಂದು ಬಂದಾಗ ಮಾಮಿ ರಿಮೋಟ್ ಒತ್ತಿ ಬಂದ್ ಮಾಡಿದರು. ಮಾಮಾ ಆಗಿನ್ನೂ ಆಸ್ಪತ್ರೆಯಲ್ಲಿದ್ದರು.

ಮನೆಗೆ ಎರಡು ಸಿಲಿಂಡರ್ ಹೊಂದಿಸಿದ್ದೆ, ಎರಡೂ ಬಿ ಟೈಪ್. ಕಪ್ಪು ಮೈ, ಬಿಳಿ ಹೆಗಲು. ಅದು ಆಸ್ಪತ್ರೆಯ ಆಕ್ಸಿಜನ್ನಿನ ಗುರುತು, ವೆಲ್ಡಿಂಗಿನದಾದರೆ ಪೂರಾ ಕಪ್ಪು. ಒಳಗಿನ ಜಾಗ 10 ಲೀಟರ್. ಅದರಲ್ಲಿ ಹೊರಗಿನ ಗಾಳಿಯ ಸುಮಾರು 150 ಪಟ್ಟು ಒತ್ತಡಕ್ಕೆ ತುಂಬುತ್ತಾರೆ, ಹೊರಗೆ ಬಿಟ್ಟರೆ 1,500 ಲೀಟರ್. ಲೆಕ್ಕ ಬಹಳ ಸುಲಭ. ಗೇಜಿನ ಅಂಕಿಗೆ ಒಂದು ಸೊನ್ನೆ ಹಚ್ಚಿದರೆ ಲೀಟರ್ ಬಂತು, ಅದನ್ನು 3ರಿಂದ ಭಾಗಿಸಿದರೆ ನಿಮಿಷ. ಈ ಲೆಕ್ಕವನ್ನು ಮಾಮಾನ ಮಂಚದ ಪಕ್ಕದ ಗೋಡೆಗೆ ಸುಣ್ಣದ ಕಡ್ಡಿಯಲ್ಲಿ ದೊಡ್ಡದಾಗಿ ಬರೆದೆ. ಮಾಮಿಗೆ ಎರಡು ಸಲ ಪಾಠ ಮಾಡಿದೆ. ಓಣಿಯವರು ಬಂದು ನೋಡಿ, ‘ಮಾಸ್ತರ ಇದ್ದ ಮನಿ ನೋಡ್ರಿ, ಹ್ಯಾಂಗ ಹಿಸಾಬ್ ಇಟ್ಟಾನ’ ಎಂದರು. ನನಗೆ ಹಿತವೆನಿಸಿತು. ಸುಳ್ಳು ಹೇಳುವುದಿಲ್ಲ, ಬಹಳವೇ ಹಿತವೆನಿಸಿತು.

ಮಾಮಾ ಲಾರಿ ಓಡಿಸಿದವರು. ಸೊಲ್ಲಾಪುರದಿಂದ ಹೈದರಾಬಾದಿಗೆ, ಹೈದರಾಬಾದಿನಿಂದ ಪುಣೆಗೆ ಮೂವತ್ತು ವರ್ಷ. ಹೆದ್ದಾರಿಯ ಸಸ್ತಾಪುರ ಬಂಗ್ಲಾದಲ್ಲಿ ಗಾಡಿ ನಿಲ್ಲಿಸಿದರೆ ಮೊದಲು ಕಬ್ಬಿಣದ ರಾಡು ಹಿಡಿದು ಒಂದೊಂದೇ ಟೈರಿಗೆ ಬಡಿದು ಸದ್ದು ಕೇಳುತ್ತಿದ್ದರು. ಪಂಕ್ಚರ್ ಅಂಗಡಿಯವನ ಗೇಜನ್ನು ಅವರು ನಂಬಿದ್ದೇ ಇಲ್ಲ. ಇನ್ನೊಂದು ಚಟವಿತ್ತು. ಲಾರಿಯನ್ನು ತೂಕದ ಕಾಟಾಕ್ಕೆ ಹತ್ತಿಸುವ ಮೊದಲು ಇಳಿದು ಹೋಗಿ, ಕಾಟಾದ ಕೋಣೆಯ ಕಿಟಕಿಯಲ್ಲಿ ಇಣುಕಿ, ಕೆಂಪು ಅಂಕಿ ಸೊನ್ನೆ ತೋರಿಸುತ್ತಿದೆಯೇ ಎಂದು ನೋಡುತ್ತಿದ್ದರು. ಸಣ್ಣವನಿದ್ದಾಗ ಅವರ ಸಂಗಡ ಹೋದಾಗಲೆಲ್ಲ ಇದನ್ನು ಕಂಡಿದ್ದೇನೆ. ಮುದುಕನ ಗುಮಾನಿ ಎಂದುಕೊಂಡಿದ್ದೆ. ಆಗ ಅವರಿಗೆ ಮೂವತ್ತೈದೂ ಆಗಿರಲಿಲ್ಲ.

ನನ್ನ ಮೊದಲ ತಪ್ಪು ಮೊದಲ ದಿನವೇ ನಡೆಯಿತು. ಸಿಲಿಂಡರಿಗೆ ರೆಗ್ಯುಲೇಟರ್ ಕೂರಿಸುವ ಮೊದಲು ವಾಲ್ವನ್ನು ಎಳೆಯಷ್ಟು ತೆರೆದು ಮುಚ್ಚಬೇಕು, ಬಾಯಲ್ಲಿ ಕೂತ ಧೂಳು ಹಾರಿಹೋಗಲಿ ಎಂದು. ಕೂರಿಸಿದ ಮೇಲೆ ಪಾನಾ ಹಿಡಿದು ಮೆಲ್ಲಗೆ, ಮುಳ್ಳು ನಿಧಾನಕ್ಕೆ ಏರುವುದನ್ನು ನೋಡುತ್ತ ತೆರೆಯಬೇಕು. ಇದನ್ನು ಯಾರೂ ನನಗೆ ಹೇಳಲಿಲ್ಲ ಎನ್ನುವಂತಿಲ್ಲ. ಸಿಲಿಂಡರ್ ಕೊಟ್ಟ ಹುಡುಗ, ‘ಸಾವಕಾಶ ತೆರೀರಿ ಸರ್’ ಎಂದಿದ್ದ. ಮಾಮಾನ ಬೆರಳಿಗೆ ಸಿಗಿಸಿದ ಆಕ್ಸಿಮೀಟರಿನಲ್ಲಿ ಅಂಕಿ 88ಕ್ಕೆ ಇಳಿದಿತ್ತು. ನಾನು ಪಾನಾ ಹಾಕಿ ಒಂದೇ ಏಟಿಗೆ ಅರ್ಧ ಸುತ್ತು ತಿರುವಿದೆ. ಟಕ್ ಎಂದು ಸದ್ದಾಯಿತು. ಮುಳ್ಳು ನೆಗೆದು, ನಡುಗಿ, ನಿಂತಿತು. ಎಣ್ಣೆ ಗ್ರೀಸ್ ತಾಗದಂತೆ ಸಾಬೂನು ಹಚ್ಚಿ ಕೈ ತೊಳೆದಿದ್ದೆ, ಅದೊಂದು ಸರಿ ಮಾಡಿದ್ದೆ. ಆಕ್ಸಿಜನ್ನಿಗೆ ಎಣ್ಣೆ ಸೇರಿದರೆ ಹೊತ್ತಿಕೊಳ್ಳುತ್ತದೆ ಎಂದು ಪುಸ್ತಕದಲ್ಲಿತ್ತು. ಟಕ್ ಎಂಬ ಸದ್ದಿನ ಬಗ್ಗೆ ನಾನು ಓದಿದ ಪುಸ್ತಕದಲ್ಲಿ ಏನೂ ಇರಲಿಲ್ಲ.

ಆ ದುಂಡು ಡಬ್ಬಿಯ ಒಳಗಿರುವುದು ಪಾರಿಸಿನ ಯೂಜೀನ್ ಬೂರ್ದೋನ್ 1849ರಲ್ಲಿ ಪೇಟೆಂಟ್ ಪಡೆದ ಉಪಾಯ. ಉಗಿಯಂತ್ರಗಳ ಕಾಲದ್ದು, ಇವತ್ತಿಗೂ ಅದೇ ನಡೆಯುತ್ತಿದೆ. ಚಪ್ಪಟೆ ಮಾಡಿದ ಲೋಹದ ಕೊಳವೆಯನ್ನು ಕುಡುಗೋಲಿನಂತೆ ಬಗ್ಗಿಸಿ, ಒಂದು ತುದಿ ಮುಚ್ಚಿರುತ್ತಾರೆ. ಒಳಗೆ ಒತ್ತಡ ಏರಿದಂತೆ ಬಾಗಿದ ಕೊಳವೆ ನೆಟ್ಟಗಾಗಲು ನೋಡುತ್ತದೆ. ತುದಿಯ ಆ ಕೂದಲೆಳೆಯಷ್ಟು ಅಲುಗಾಟವನ್ನು ಸಣ್ಣ ಹಲ್ಲುಗಾಲಿಗಳು ದೊಡ್ಡದು ಮಾಡಿ ಮುಳ್ಳಿಗೆ ಕೊಡುತ್ತವೆ. ಒತ್ತಡ ಇಳಿದರೆ ಕೊಳವೆ ಮತ್ತೆ ಬಾಗಿ ಮೊದಲಿನ ಜಾಗಕ್ಕೆ ಬರಬೇಕು. ಆದರೆ ಒಮ್ಮೆಗೇ ದಬ್ಬಿದರೆ ಲೋಹ ಸೋತು, ಪೂರ್ತಿ ವಾಪಸು ಬರದೆ ನಡುವೆ ಎಲ್ಲೋ ಉಳಿದುಬಿಡುತ್ತದೆ. ಸ್ಪ್ರಿಂಗನ್ನು ಅತಿಯಾಗಿ ಎಳೆದರೆ ಉದ್ದವಾಗಿಯೇ ಉಳಿಯುತ್ತದೆ ಎಂದು ನಾನೇ ಕಲ್ಲು ಕಟ್ಟಿ ತೋರಿಸುವ ಪ್ರಯೋಗ. ಕೊಳವೆಯೂ ಸ್ಪ್ರಿಂಗೇ.

ಎರಡನೆಯ ತಪ್ಪು, ಮತ್ತು ನಿಜವಾದದ್ದು, ಮರುದಿನ ಸಿಲಿಂಡರ್ ಬದಲಿಸುವಾಗ. ಹಳೆಯದರ ವಾಲ್ವ್ ಮುಚ್ಚಿ, ಒಳಗುಳಿದ ಗಾಳಿ ಬಿಟ್ಟು, ರೆಗ್ಯುಲೇಟರ್ ಬಿಚ್ಚಿ ಕೈಯಲ್ಲಿ ಹಿಡಿದಿದ್ದೇನೆ. ಮುಳ್ಳು 25ರಲ್ಲಿದೆ. ಕಂಡೆ. ಕಾಣಲಿಲ್ಲ ಎಂದು ಇವತ್ತು ಬರೆದರೆ ಈ ಬರಹವೇ ಬೇಡ. ಕಂಡು, ‘ಒಳಗ ಇನ್ನಾ ಸ್ವಲ್ಪ ಗಾಳಿ ಕೂತದ’ ಎಂದುಕೊಂಡೆ. ಬಾಯಿ ತೆರೆದ ಕೊಳವೆಯಲ್ಲಿ 25 ಪಟ್ಟು ಒತ್ತಡ ಎಲ್ಲಿ ಕೂರುತ್ತದೆ? ಏಳನೆಯ ತರಗತಿಯ ಹುಡುಗಿ ಹೀಗೆ ಹೇಳಿದ್ದರೆ ನಿಲ್ಲಿಸಿ ಕೇಳುತ್ತಿದ್ದೆ. ಮಂಚದ ಮೇಲೆ ಮಾಸ್ಕ್ ಇಲ್ಲದೆ ಏದುಸಿರು ಬಿಡುತ್ತಿದ್ದ ಮಾಮಾ ಕೈ ಎತ್ತಿ ನನ್ನ ಕೈಯಲ್ಲಿದ್ದುದರ ಕಡೆ ಬೆರಳು ಮಾಡಿದರು. ಜಲ್ದಿ ಮಾಡು ಎನ್ನುತ್ತಿದ್ದಾರೆ ಎಂದು ತಿಳಿದೆ. ‘ಫಿಕರ್ ಮಾಡಬ್ಯಾಡ್ರಿ ಮಾಮಾ, ಆತು, ಆತು’ ಎಂದು ಹೊಸದಕ್ಕೆ ಕೂರಿಸಿದೆ.

ಅದೇ ದಿನ ಮಧ್ಯಾಹ್ನ ಒಂದೂವರೆ. ಹಚ್ಚಿದ್ದ ಸಿಲಿಂಡರಿನ ಗೇಜು 60 ತೋರಿಸುತ್ತಿತ್ತು. 600 ಲೀಟರ್, 200 ನಿಮಿಷ, ಅಂದರೆ ಐದಕ್ಕೆ ಹತ್ತು ನಿಮಿಷ ಇರುವತನಕ ಚಿಂತೆಯಿಲ್ಲ. ಖಾಲಿಯನ್ನು ಗೆಳೆಯನ ಛೋಟಾ ಹಾತಿ ಗಾಡಿಯಲ್ಲಿ ಹಾಕಿಕೊಂಡು ಹುಮನಾಬಾದಿಗೆ ಹೊರಟೆ. ಅಲ್ಲಿ ಒಂದಿಷ್ಟು ಹುಡುಗರು ಕೂಡಿ, ಹೊರಗಿನಿಂದ ಬರುವ ಗಾಡಿಯಿಂದ ತುಂಬಿದ ಸಿಲಿಂಡರ್ ಇಳಿಸಿಕೊಂಡು, ಖಾಲಿ ಕೊಟ್ಟವರಿಗೆ ಕೊಡುತ್ತಿದ್ದರು. ಮೂವತ್ತು ಕಿಲೋಮೀಟರಿನ ಆಸುಪಾಸು ದಾರಿ; ಲಾಕ್‌ಡೌನ್, ಹೆದ್ದಾರಿ ಬಟಾಬಯಲು. ರಾಜೇಶ್ವರದ ಹತ್ತಿರ ಒಮ್ಮೆ ಪೊಲೀಸರು ನಿಲ್ಲಿಸಿ, ಹಿಂದಿದ್ದ ಸಿಲಿಂಡರ್ ನೋಡಿ ಮಾತಿಲ್ಲದೆ ಬಿಟ್ಟರು. ಹುಮನಾಬಾದ್ ತಲುಪಿದಾಗ ಎರಡೂವರೆ. ಗಾಡಿ ಬಂದಿರಲಿಲ್ಲ. ಬೇವಿನ ಗಿಡದ ನೆರಳಿಗೆ ಖಾಲಿ ಸಿಲಿಂಡರುಗಳ ಸಾಲು. ಅದರ ಪಕ್ಕ ಅವುಗಳ ಜನ, ಒಬ್ಬರಿಗೊಬ್ಬರು ದೂರ ಕೂತು. ನಾನು ಗಡಿಯಾರ ನೋಡಿಕೊಂಡೆ. ನನಗೆ ಎರಡು ತಾಸಿಗೂ ಹೆಚ್ಚು ಇತ್ತಲ್ಲ.

ಮೂರು ಇಪ್ಪತ್ತೈದಕ್ಕೆ ಮಾಮಿಯ ಫೋನು.

‘ತಮ್ಮಾ, ಬಾಟ್ಲಿಯಾಗ ಗುಳ್ಳಿ ಬರ್ಲತ್ತಿಲ್ಲ.’

‘ಮುಳ್ಳು ಎಲ್ಲಿ ಅದ ಮಾಮಿ?’

‘25ರ ಸನೀಪ ಅದ.’

‘ಅಂದ್ರ ಇನ್ನಾ 250 ಲೀಟರ್ ಅದ. ನಳಿಗಿ ಎಲ್ಲಾರ ಮಡಚ್ಯದೇನು ನೋಡ್ರಿ.’

ನೋಡಿದರು, ಮಡಚಿರಲಿಲ್ಲ. ಆಕ್ಸಿಜನ್ ಗುಳ್ಳೆಯಾಗಿ ಹಾದು ಬರುವ ನೀರಿನ ಬಾಟಲಿಯ ಮುಚ್ಚಳ ಬಿಗಿ ಮಾಡಿ ಎಂದೆ. ಮಾಡಿದರು. ಗುಂಡಿ ತಿರುವಿ ಹರಿವು ಹೆಚ್ಚಿಸಿ ಎಂದೆ. ತಿರುವಿದರು. ಗುಳ್ಳೆಯಿಲ್ಲ. ಒಂದೊಂದಕ್ಕೂ ಫೋನ್ ಇಟ್ಟು, ಕೆಲಸ ಮಾಡಿ, ಮತ್ತೆ ಫೋನ್. ಪಾನಾ ಹಾಕಿ ವಾಲ್ವ್ ಪೂರ್ತಿ ತೆರೆದಿದೆಯೋ ನೋಡಿ ಎಂದೆ. ಮಾಮಿಯ ಉಸಿರು ನನಗೆ ಫೋನಿನಲ್ಲಿ ಕೇಳುತ್ತಿತ್ತು. ‘ಮುಳ್ಳು ಈಗೆಷ್ಟು?’ ಎಂದು ಮತ್ತೆ ಕೇಳಿದೆ. ‘ಅಲ್ಲೇ ಅದ’ ಎಂದರು. ಹಾಗಾದರೆ ಇದೆ, ಮಾಮಿ, ಇದ್ದೇ ಇದೆ, ನೀವು ಸರಿಯಾಗಿ ನೋಡ್ರಿ ಎಂದು ದನಿ ಏರಿಸಿದೆ. ಸುತ್ತ ಕೂತವರು ತಿರುಗಿ ನೋಡಿದರು. ಹದಿನೆಂಟು ನಿಮಿಷ ಹೀಗೆ ಹೋಯಿತು. ಆಮೇಲೆ ಫೋನಿನ ದಾಖಲೆ ತೆಗೆದು ಎಣಿಸಿದ್ದೇನೆ.

ಕೊನೆಗೆ ಮಾಮಿ, ‘ಬೆರಳಿನ್ಯಾಗ 79 ಬಂದದ. ನೀ ಫೋನ್ ಇಡು’ ಎಂದರು. ಅವರು ನನಗೆ ಆ ದನಿಯಲ್ಲಿ ಎಂದೂ ಮಾತಾಡಿರಲಿಲ್ಲ. ಎದುರುಮನೆಯ ಹುಡುಗ ತರಕಾರಿ ಸಾಗಿಸುವ ಆಟೋದಲ್ಲಿ ಹಾಸಿಗೆ ಸಮೇತ ಮಾಮಾನನ್ನು ಆಸ್ಪತ್ರೆಗೆ ಒಯ್ದ. ಹಾಸಿಗೆ ಖಾಲಿ ಇರಲಿಲ್ಲ. ವರಾಂಡದ ಬೆಂಚಿನ ಮೇಲೆ ಕೂರಿಸಿಯೇ ನರ್ಸ್ ಒಬ್ಬರು ಮಾಸ್ಕ್ ಹಚ್ಚಿದರು. ಹಚ್ಚುವಾಗ 72 ಇತ್ತಂತೆ. ನಾನು ತುಂಬಿದ ಸಿಲಿಂಡರ್ ಹೊತ್ತು ಬಸವಕಲ್ಯಾಣ ಸೇರಿದಾಗ ಸಂಜೆ ಆರೂವರೆ. ಮನೆಗೆ ಕೀಲಿ. ಕಿಟಕಿಯಿಂದ ಒಳಗೆ ಗೋಡೆಯ ಮೇಲೆ ನನ್ನ ಸುಣ್ಣದ ಲೆಕ್ಕ ಕಾಣುತ್ತಿತ್ತು.

ಮಾಮಾ ಮತ್ತೆ ಹನ್ನೊಂದು ದಿನ ಆಸ್ಪತ್ರೆಯಲ್ಲಿದ್ದು ಮನೆಗೆ ಬಂದರು. ಬದುಕಿದರು. ಮಹಡಿ ಹತ್ತುವಾಗ ನಡುವೆ ನಿಲ್ಲುವುದು ಅಂದಿನಿಂದ ಶುರುವಾಗಿದ್ದು ಹೋಗಲಿಲ್ಲ. ಅದು ಕೋವಿಡ್‌ನ ಪಾಲೋ ನನ್ನ ಹದಿನೆಂಟು ನಿಮಿಷದ ಪಾಲೋ ಎಂದು ಡಾಕ್ಟರನ್ನು ಕೇಳುವ ಧೈರ್ಯ ನನಗೆ ಬಂದಿಲ್ಲ.

ಗೇಜನ್ನು ಪರೀಕ್ಷಿಸಿದ್ದು ಆಮೇಲೆ, ಎಲ್ಲ ಮುಗಿದ ಮೇಲೆ. ಪರಿಚಯದ ಕಂಪೌಂಡರ್ ಒಬ್ಬರಿಂದ ಇನ್ನೊಂದು ರೆಗ್ಯುಲೇಟರ್ ತಂದು, ಒಂದೇ ಸಿಲಿಂಡರಿಗೆ ಎರಡನ್ನೂ ಒಂದಾದ ಮೇಲೊಂದು ಕೂರಿಸಿ ನೋಡಿದೆ. ನಮ್ಮದು 118 ಅಂದಾಗ ಅವರದು 93. ಸ್ವಲ್ಪ ಖಾಲಿ ಮಾಡಿ ನೋಡಿದೆ: ನಮ್ಮದು 71, ಅವರದು 47. ಎಲ್ಲೆಲ್ಲೂ ಹೆಚ್ಚುಕಡಿಮೆ ಅದೇ 25ರ ಅಂತರ. ಅಂದು 60 ಎಂದು ತೋರಿಸಿದ್ದು ನಿಜಕ್ಕೆ 35. 350 ಲೀಟರ್, ನಿಮಿಷಕ್ಕೆ 3ರಂತೆ ಎರಡು ತಾಸೂ ಇಲ್ಲ, 117 ನಿಮಿಷ. ಒಂದೂವರೆಗೆ ಕೂಡಿಸಿದರೆ ಮೂರು ಇಪ್ಪತ್ತೇಳು. ಮಾಮಿಯ ಫೋನು ಬಂದದ್ದು ಮೂರು ಇಪ್ಪತ್ತೈದಕ್ಕೆ. ನನ್ನ ಸೂತ್ರ ಅಷ್ಟು ಕರಾರುವಾಕ್ಕಾಗಿತ್ತು, ನೋಡಿ.

ತುಂಬಿದ ಸಿಲಿಂಡರಿನ ಮೇಲೆ 25ರ ತಪ್ಪು ದೊಡ್ಡದಲ್ಲ, ಆರರಲ್ಲೊಂದು ಪಾಲು. ಮುಗಿಯುತ್ತ ಬಂದಾಗ ಅದೇ 25 ಉಳಿದುದನ್ನೆಲ್ಲ ನುಂಗುತ್ತದೆ. ಸರಿಯಿರುವ ಗೇಜಿಗೂ ಈ ಗುಣವಿದೆ. ಗೇಜಿನ ದರ್ಜೆಯನ್ನು ಅದರ ಪೂರ್ಣ ಅಳತೆಯ ಶೇಕಡಾವಾರಿನಲ್ಲಿ ಹೇಳುತ್ತಾರೆ. 300ರವರೆಗೆ ಅಂಕಿ ಇರುವ, 2.5 ದರ್ಜೆಯ ಗೇಜು ಎಲ್ಲಿ ಬೇಕಾದರೂ ಏಳೂವರೆ ಆಚೀಚೆ ಇರಬಹುದು, ತಪ್ಪೆನ್ನುವಂತಿಲ್ಲ. 200ರಲ್ಲಿ ಏಳೂವರೆ ಎಂದರೆ ಏನೂ ಅಲ್ಲ. 20ರಲ್ಲಿ? ಬಿಸಿಲಿನ ಮಾತು ಬೇರೆ. ತುಂಬುವಾಗ ಸಿಲಿಂಡರ್ ಕಾದು 50 ಡಿಗ್ರಿಯಾಗಿದ್ದು ಆಗ 150 ತೋರಿಸಿದ್ದರೆ, 30ಕ್ಕೆ ತಣ್ಣಗಾದಾಗ ಒಂದು ಹನಿ ಸೋರದಿದ್ದರೂ 141ಕ್ಕೆ ಬರುತ್ತದೆ. ನೆತ್ತಿಯ ಮೇಲೆ ಮೇ ತಿಂಗಳ ಸೂರ್ಯನಿರುವ ನಮ್ಮ ಕಡೆ ಇದನ್ನು ಲೆಕ್ಕಕ್ಕೆ ಹಿಡಿಯದೆ ಇರಲಾಗದು. ಇದನ್ನು ನಾನು ಲೆಕ್ಕಕ್ಕೆ ಹಿಡಿದಿದ್ದೆ! ಗೋಡೆಯ ಮೇಲೆ ಅದಕ್ಕೂ ಒಂದು ಸಾಲಿತ್ತು. ಕೈಯಲ್ಲಿ ಹಿಡಿದ ಮುಳ್ಳಿನ ಸೊನ್ನೆಯನ್ನು ಮಾತ್ರ ಹಿಡಿದಿರಲಿಲ್ಲ.

ಮತ್ತೊಂದು ದಾರಿ ನಮ್ಮ ಮೂಗಿನ ಕೆಳಗೇ ಇತ್ತು. ಓಣಿಯ ಕೊನೆಯ ತೊಗರಿ ವ್ಯಾಪಾರಿಯ ಹತ್ತಿರ ಎಲೆಕ್ಟ್ರಾನಿಕ್ ಕಾಟಾ ಇದೆ. 1,500 ಲೀಟರ್ ಆಕ್ಸಿಜನ್ ಸುಮಾರು 2 ಕಿಲೋ ತೂಗುತ್ತದೆ. ಹದಿನೈದು ಕಿಲೋದಷ್ಟು ಉಕ್ಕಿನ ಮೇಲೆ ಆ ಎರಡು ಕಿಲೋ ಕೈಗೆ ತಿಳಿಯುವುದಿಲ್ಲ, ಎತ್ತಿ ನೋಡಿ ಹೇಳುತ್ತೇನೆ ಎನ್ನುವವರ ಮಾತು ಬರೀ ಮಾತು. ಆದರೆ ಕಾಟಾಕ್ಕೆ ತಿಳಿಯುತ್ತದೆ. ಪೂರ್ತಿ ಖಾಲಿಯಾದ ಸಿಲಿಂಡರನ್ನು ರೆಗ್ಯುಲೇಟರ್ ಬಿಚ್ಚಿ ಒಮ್ಮೆ ತೂಗಿ, ಅಂಕಿಯನ್ನು ಮೈಮೇಲೆ ಬರೆದಿಟ್ಟರೆ, ಮುಂದೆ ಹೊಸದಾಗಿ ತುಂಬಿ ತಂದಾಗಲೆಲ್ಲ ತೂಗಿ ಗೇಜಿನ ಮಾತಿಗೆ ಸಾಕ್ಷಿ ಕೇಳಬಹುದು. 60 ಎಂಬುದು ನಿಜವಾಗಿದ್ದರೆ ಖಾಲಿ ತೂಕಕ್ಕಿಂತ 800 ಗ್ರಾಂ ಹೆಚ್ಚಿರಬೇಕಿತ್ತು. 35 ಆದ್ದರಿಂದ 470ರ ಆಸುಪಾಸು ಇರುತ್ತಿತ್ತು. ತೊಗರಿಯಲ್ಲಿ 330 ಗ್ರಾಂ ಕಡಿಮೆ ಬಂದರೆ ನಮ್ಮೂರಲ್ಲಿ ಜಗಳವಾಗುತ್ತದೆ. ಉಸಿರಿಗೆ ಯಾರೂ ಕಾಟಾ ಹಿಡಿಯಲಿಲ್ಲ.

2023ರ ಡಿಸೆಂಬರಿನಲ್ಲಿ ಶಾಲೆಯ ಪ್ರವಾಸದಲ್ಲಿ ಮುರುಡೇಶ್ವರಕ್ಕೆ ಹೋಗಿದ್ದೆವು. ಬಸವಕಲ್ಯಾಣದ ತ್ರಿಪುರಾಂತ ಕೆರೆಯೇ ಸಮುದ್ರವೆಂದುಕೊಂಡು ಬೆಳೆದವನು ನಾನು, ಈಜು ಬಾರದು. ಅಲ್ಲಿಂದ ನೇತ್ರಾಣಿ ದ್ವೀಪಕ್ಕೆ ಸ್ಕೂಬಾ ಡೈವಿಂಗಿಗೆ ಜನ ಹೋಗುತ್ತಾರೆ. ದಡದಲ್ಲಿ ಒಬ್ಬ ಹುಡುಗ ಸಾಮಾನು ಸಜ್ಜು ಮಾಡುತ್ತಿದ್ದ. ನನ್ನ ಕಣ್ಣು ಗೇಜಿನ ಮೇಲೆ. ಅವನು ಅದನ್ನು ಟ್ಯಾಂಕಿಗೆ ಸೇರಿಸುವ ಮೊದಲೇ ತಿರುಗಿಸಿ ಸೊನ್ನೆ ನೋಡಿದ. ಗೇಜಿನ ಮುಖವನ್ನು ತನ್ನಿಂದ ಆಚೆ ಮಾಡಿ, ಗಾಜು ಸಿಡಿದರೂ ಮುಖಕ್ಕೆ ಬರಬಾರದೆಂದು, ವಾಲ್ವನ್ನು ಮೆಲ್ಲಗೆ ತೆರೆದ. 200. ಆಮೇಲೆ ಬಾಯಿಗೆ ಕೊಳವೆ ಇಟ್ಟು, ಮುಳ್ಳನ್ನೇ ನೋಡುತ್ತ ನಾಲ್ಕು ಸಲ ಜೋರಾಗಿ ಉಸಿರೆಳೆದ. ಯಾಕಪ್ಪ ಎಂದೆ. ವಾಲ್ವ್ ಅರ್ಧಂಬರ್ಧ ತೆರೆದಿದ್ದರೆ ಸುಮ್ಮನಿದ್ದಾಗ ಮುಳ್ಳು ಪೂರ್ತಿ ತೋರಿಸುತ್ತದಂತೆ. ಉಸಿರೆಳೆದಾಗ ಕುಸಿದು ಮತ್ತೆ ಏರುತ್ತದಂತೆ. ‘ಸುಮ್ನೆ ನಿಂತ ಮುಳ್ಳಿಗೆ ಏನೂ ಗೊತ್ತಿರಲ್ಲ ಸರ್’ ಎಂದ. ನೀರಿನಿಂದ ಮೇಲೆ ಬರುವಾಗ 50 ಉಳಿದಿರಲೇಬೇಕು ಎಂದೂ ಹೇಳಿದ.

ನನ್ನ ಹುಡುಗರು, ಅದರಲ್ಲಿ ಆಕ್ಸಿಜನ್ ಇರ್ತದೇನ್ರಿ ಎಂದು ಅವನನ್ನು ಕೇಳಿದರು. ಇಲ್ಲ, ನಾವು ಉಸಿರಾಡುವ ಗಾಳಿಯೇ, ಒತ್ತಿ ತುಂಬಿದ್ದು. ಆರು ಮೀಟರಿಗಿಂತ ಆಳದಲ್ಲಿ ಶುದ್ಧ ಆಕ್ಸಿಜನ್ನೇ ವಿಷವಾಗುತ್ತದೆ. ಹತ್ತು ಮೀಟರ್ ಇಳಿದರೆ ಒತ್ತಡ ದುಪ್ಪಟ್ಟು, ಟ್ಯಾಂಕು ಮುಗಿಯುವ ವೇಗವೂ ದುಪ್ಪಟ್ಟು. ಇದನ್ನೆಲ್ಲ ನಾನು ಅವರಿಗೆ ಮರಳಿನ ಮೇಲೆ ಬರೆದು ವಿವರಿಸಿದೆ. ಅವರಲ್ಲೊಬ್ಬಳು, ‘ಸರ್ ನಿಮ್ಮ ದನಿ ಯಾಕ ಹಿಂಗಾಗ್ಯದ’ ಎಂದಳು. ಸಮುದ್ರದ ಗಾಳಿ ಎಂದೆ.

ಬಾಟಲಿಯ ಗುಳ್ಳೆ ಎಂದರೆ ಆ ಹುಡುಗನ ನಾಲ್ಕು ಉಸಿರು. ಗಾಳಿ ಹರಿದರೆ ಗುಳ್ಳೆ, ಹರಿಯದಿದ್ದರೆ ಇಲ್ಲ. ಅದಕ್ಕೆ ಹಲ್ಲುಗಾಲಿ ಬೇಡ, ದರ್ಜೆ ಬೇಡ. ಮಾಮಿ ಎರಡು ದಿನದಿಂದ ನೋಡುತ್ತಿದ್ದದ್ದು ಗುಳ್ಳೆಯನ್ನು. ರಾತ್ರಿ ನಿದ್ದೆಗೆಟ್ಟು ಅದರ ಸದ್ದು ಕೇಳುತ್ತಿದ್ದರಂತೆ, ಹಾಲು ಉಕ್ಕುವ ಸದ್ದಿಗೆ ಕಿವಿಯಿಟ್ಟಂತೆ. ಅವರಿಗೆ ಗೇಜು ನೋಡಲು ಕಲಿಸಿದವನು ನಾನು.

ಪ್ರವಾಸದಿಂದ ಬಂದ ಮೇಲೆ, ಜನವರಿಯಲ್ಲಿ, ಮಾಮಾನ ಹೊಲದ ತೊಗರಿ ಹುಮನಾಬಾದಿನ ಮಾರುಕಟ್ಟೆಗೆ ಹೊರಟಿತು. ಬೇಡವೆಂದರೂ ಕೇಳದೆ ಮಾಮಾ ಟ್ರ್ಯಾಕ್ಟರಿನ ಹಿಂದೆ ನನ್ನ ಸಂಗಡ ಕಾರಿನಲ್ಲಿ ಬಂದರು. ತೂಕದ ಕಾಟಾದ ಮುಂದೆ ಟ್ರ್ಯಾಕ್ಟರ್ ನಿಂತಿತು. ಮಾಮಾ ಬಾಗಿಲು ತೆರೆದು ಇಳಿದರು. ಕಾಟಾದ ಕೋಣೆಗೆ ಮೂರು ಮೆಟ್ಟಿಲು, ಎರಡನೆಯದರಲ್ಲಿ ನಿಂತು ಉಸಿರು ತಗೊಂಡು, ಕಿಟಕಿಯಲ್ಲಿ ಇಣುಕಿದರು. ಒಳಗಿನ ಹುಡುಗ ‘ಹತ್ತಿಸ್ರಿ’ ಎಂದ. ಮಾಮಾ ಟ್ರ್ಯಾಕ್ಟರಿಗೆ ನಿಲ್ಲು ಎಂದು ಕೈ ತೋರಿಸಿದರು. ಕೆಂಪು ಅಂಕಿ 20 ತೋರಿಸುತ್ತಿತ್ತು, ಕಾಟಾದ ಮೇಲೆ ಏನೂ ಇರಲಿಲ್ಲ. ಹುಡುಗ ಗೊಣಗುತ್ತ ಗುಂಡಿ ಒತ್ತಿದ, ಸೊನ್ನೆ ಬಂತು.

ಮಾಮಾ ತಿರುಗಿದರು. ನಾನು ಕೆಳಗೆ ನಿಂತಿದ್ದೆ. ಅಂದು ಮಂಚದ ಮೇಲಿಂದ ಎತ್ತಿದ್ದ ಅದೇ ಬೆರಳನ್ನು ಅವರು ಈಗಲೂ ಕಿಟಕಿಯ ಕಡೆ ಚಾಚಿದ್ದರು. ನನ್ನನ್ನು ನೋಡಿ ಅದನ್ನು ಮೆಲ್ಲಗೆ ಇಳಿಸಿ, ರಟ್ಟೆ ಹಿಡಿ ಎನ್ನುವಂತೆ ಕೈ ಮುಂದೆ ಮಾಡಿದರು.